ಟ್ರಾನ್ಸ್‌ಫರ್ ಕೇಸ್: ಹಳೆಯ ಫೋರ್ ವೀಲ್ ಜೀಪು, ಲಾರಿಗಳಲ್ಲಿ ದೋಷಪತ್ತೆ

ಎಂಜಿನ್ನಿನ ಶಕ್ತಿಯನ್ನು ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳಿಗೆ ಹಂಚುವ, ಗೇರ್‌ಬಾಕ್ಸಿನ ಹಿಂಬದಿಯಲ್ಲಿ ಕೂರುವ ಎರಡನೆಯ ಗೇರು ಪೆಟ್ಟಿಗೆಯೇ ಟ್ರಾನ್ಸ್‌ಫರ್ ಕೇಸ್. ಜೀಪು, ಜಿಪ್ಸಿ, ಸೇನೆಯ ಲಾರಿ ಮೊದಲಾದ ನಾಲ್ಕು ಚಕ್ರ ಚಾಲನೆಯ ವಾಹನಗಳಿಗೆ ಇದು ಅಗತ್ಯ ಭಾಗ. ಗೋವಾದ ಸಾವರ್ಡೆ, ಕುಳೆಂ ಭಾಗದ ಪ್ರವಾಸಿ ಜೀಪುಗಳು, ಕೊಡಚಾದ್ರಿ ಹಾಗೂ ಮಾಂದಲಪಟ್ಟಿಯ ಬಾಡಿಗೆ ಜೀಪುಗಳು, ಕೊಡಗು-ಚಿಕ್ಕಮಗಳೂರಿನ ತೋಟದ ವಾಹನಗಳು ಇಂದಿಗೂ ಇದನ್ನೇ ನಂಬಿ ಓಡುತ್ತವೆ. ಇವುಗಳಲ್ಲಿ ಕಾಣಿಸುವ ಸದ್ದು, ಸೋರಿಕೆ, ಗೇರು ಹಾರುವುದು, ಗೇರು ಸಿಕ್ಕಿಕೊಳ್ಳುವುದು ಮುಂತಾದ ದೂರುಗಳಿಗೆ ಕಾರಣ ಹಲವು ಸಲ ಪೆಟ್ಟಿಗೆಯ ಒಳಗೆ ಇರುವುದಿಲ್ಲ. ಟೈರು, ಲಿವರಿನ ಸಂದು, ರಬ್ಬರ್ ಮೌಂಟಿಂಗ್, ಪ್ರೊಪೆಲ್ಲರ್ ಶಾಫ್ಟಿನ ಕೀಲಾದ ಕ್ರಾಸ್, ಪೆಟ್ಟಿಗೆಯ ಗಾಳಿ ಹೋಗಿಬರುವ ಬ್ರೀದರ್ ಇಂಥ ಹೊರಗಿನ ಭಾಗಗಳಲ್ಲೇ ಅದು ಸಿಗುತ್ತದೆ. ಆದ್ದರಿಂದ ದೋಷಪತ್ತೆ ಹೊರಗಿನಿಂದ ಆರಂಭವಾಗಿ ಒಳಗೆ ಹೋಗಬೇಕು. ಪೆಟ್ಟಿಗೆ ಬಿಚ್ಚುವುದು ಕೊನೆಯ ಹಂತ.

ರಚನೆ ಮತ್ತು ಕೆಲಸ

ಟ್ರಾನ್ಸ್‌ಫರ್ ಕೇಸಿಗೆ ಎರಡು ಕೆಲಸ. ಒಂದು, ಹಿಂದಿನ ಆಕ್ಸಲ್‌ಗೆ ಯಾವಾಗಲೂ ಹೋಗುವ ಶಕ್ತಿಯನ್ನು ಬೇಕೆಂದಾಗ ಮುಂದಿನ ಆಕ್ಸಲ್‌ಗೂ ಕಳಿಸುವುದು. ಎರಡು, ಲೋ ಗೇರಿನ ಮೂಲಕ ವೇಗವನ್ನು ಇಳಿಸಿ ಎಳೆತವನ್ನು ಹೆಚ್ಚಿಸುವುದು. ಹೀಗಾಗಿ ಲಿವರಿಗೆ ಸಾಮಾನ್ಯವಾಗಿ ನಾಲ್ಕು ಸ್ಥಾನ: ಟು ವೀಲ್ ಹೈ, ಫೋರ್ ವೀಲ್ ಹೈ, ನ್ಯೂಟ್ರಲ್, ಫೋರ್ ವೀಲ್ ಲೋ. ಹಳೆಯ ಜೀಪುಗಳಲ್ಲಿ ಮುಂದಿನ ಆಕ್ಸಲ್ ಜೋಡಿಸಲು ಒಂದು, ಹೈ-ಲೋ ಬದಲಿಸಲು ಒಂದು ಎಂದು ಎರಡು ಪ್ರತ್ಯೇಕ ಲಿವರ್‌ಗಳಿರುತ್ತಿದ್ದವು.

ಹಳೆಯ ವಾಹನಗಳಲ್ಲಿ ಹೆಚ್ಚಿನವು ಅರೆಕಾಲಿಕ ಫೋರ್ ವೀಲ್ ಬಗೆಯವು. ಅಂದರೆ ಮುಂದಿನ ಮತ್ತು ಹಿಂದಿನ ಶಾಫ್ಟ್‌ಗಳ ನಡುವೆ ಡಿಫರೆನ್ಷಿಯಲ್ ಇರುವುದಿಲ್ಲ. ಫೋರ್ ವೀಲ್ ಹಾಕಿದೊಡನೆ ಎರಡೂ ಶಾಫ್ಟ್‌ಗಳು ಬಿಗಿಯಾಗಿ ಒಂದಾಗಿ ಒಂದೇ ವೇಗದಲ್ಲಿ ತಿರುಗಬೇಕಾಗುತ್ತದೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಸಾಗುತ್ತವೆ. ಕೆಸರು, ಮರಳು, ಜಲ್ಲಿಯ ಮೇಲೆ ಟೈರು ಸ್ವಲ್ಪ ಜಾರಿ ಈ ವ್ಯತ್ಯಾಸ ಕಳೆದುಹೋಗುತ್ತದೆ. ಒಣ ಡಾಂಬರಿನ ಮೇಲೆ ಜಾರಲು ಅವಕಾಶವಿಲ್ಲದೆ ಅಷ್ಟೂ ತಿರುಚುವಿಕೆ ಶಾಫ್ಟು, ಹಲ್ಲು, ಕ್ರಾಸುಗಳ ಮೇಲೆ ಬೀಳುತ್ತದೆ. ಮುಂದೆ ವಿವರಿಸುವ ದೋಷಗಳಲ್ಲಿ ಹಲವಕ್ಕೆ ಮೂಲ ಇದೇ.

ರಚನೆಯ ಮಟ್ಟಿಗೆ ಎರಡು ಬಗೆಗಳಿವೆ. ಹಲ್ಲಿನ ಗೇರುಗಳಿಂದಲೇ ಶಕ್ತಿ ಸಾಗಿಸುವುದು ಹಳೆಯ ಬಗೆ. ಮುಂದಿನ ಶಾಫ್ಟಿಗೆ ಉಕ್ಕಿನ ಸರಪಳಿಯ ಮೂಲಕ ಶಕ್ತಿ ಕೊಡುವುದು ನಂತರ ಬಂದ ಬಗೆ. ಸರಪಳಿಯ ಪೆಟ್ಟಿಗೆ ಹಗುರ, ಸದ್ದು ಕಡಿಮೆ. ಗೇರಿನದು ಭಾರ, ಸದ್ದು ಹೆಚ್ಚು, ಆದರೆ ಒರಟು ಬಳಕೆಯನ್ನು ಹೆಚ್ಚು ಕಾಲ ತಾಳುತ್ತದೆ.

ಭಾರತದಲ್ಲಿ ಕಾಣುವ ಮಾದರಿಗಳು

ಭಾರತದ ರಸ್ತೆಗಳಲ್ಲಿ ಅತಿ ಪರಿಚಿತವಾದುದು ಸ್ಪೈಸರ್ ಮಾಡೆಲ್ 18. ಎರಡನೆಯ ಮಹಾಯುದ್ಧದ ಕಾಲದ, 1941ರ ವಿಲ್ಲೀಸ್ ಜೀಪಿನಲ್ಲಿ ಬಳಕೆಗೆ ಬಂದ ಈ ಎರಕದ ಪೆಟ್ಟಿಗೆ, 1940ರ ದಶಕದ ಕೊನೆಯಿಂದ ಜೀಪ್ ಜೋಡಿಸತೊಡಗಿದ ಮಹೀಂದ್ರ ಕಂಪನಿಯ ಮೂಲಕ ಭಾರತದಲ್ಲಿ ಬೇರೂರಿತು. ಗೇರ್‌ಬಾಕ್ಸಿನ ಮುಖ್ಯ ಶಾಫ್ಟಿನ ತುದಿಯಲ್ಲಿರುವ ಇನ್‌ಪುಟ್ ಗೇರು, ಅದರ ಕೆಳಗೆ ನೀಡಲ್ ಬೇರಿಂಗ್ ಮೇಲೆ ತಿರುಗುವ ಇಂಟರ್‌ಮೀಡಿಯೆಟ್ ಗೇರು, ಅದರಿಂದ ಶಕ್ತಿ ಪಡೆಯುವ ಔಟ್‌ಪುಟ್ ಶಾಫ್ಟು ಇದರ ಮುಖ್ಯ ಅಂಗಗಳು. ಹೈ ಗೇರಿನಲ್ಲೂ ಶಕ್ತಿ ಇಂಟರ್‌ಮೀಡಿಯೆಟ್ ಗೇರಿನ ಮೂಲಕವೇ ಹೋಗುವುದರಿಂದ ಸಣ್ಣ ಹಲ್ಲಿನ ಕೂಗು ಇದರಲ್ಲಿ ಸಹಜ. ಅದನ್ನು ದೋಷವೆಂದು ಎಣಿಸಬಾರದು. ಮುಂದಿನ ಆಕ್ಸಲ್ ಜೋಡಿಸದೆ ಲೋ ಬೀಳದಂತೆ ತಡೆಯುವ ಇಂಟರ್‌ಲಾಕ್ ಇದರಲ್ಲಿದೆ. ಹಿಂದಿನ ಆಕ್ಸಲ್ ಒಂದಕ್ಕೇ ಲೋ ಗೇರಿನ ಪೂರ್ತಿ ಎಳೆತ ಬಿದ್ದು ಆಕ್ಸಲ್ ಶಾಫ್ಟು ಮುರಿಯದಿರಲಿ ಎಂಬುದು ಅದರ ಉದ್ದೇಶ.

1985ರಲ್ಲಿ ಬಂದ ಮಾರುತಿ ಜಿಪ್ಸಿಯ ವ್ಯವಸ್ಥೆ ಬೇರೆ. ಅದರ ಟ್ರಾನ್ಸ್‌ಫರ್ ಕೇಸು ಗೇರ್‌ಬಾಕ್ಸಿಗೆ ಅಂಟಿಕೊಂಡಿಲ್ಲ. ರಬ್ಬರ್ ಮೌಂಟಿಂಗ್‌ಗಳ ಮೇಲೆ ಪ್ರತ್ಯೇಕವಾಗಿ ಕುಳಿತಿದ್ದು, ಗಿಡ್ಡ ಪ್ರೊಪೆಲ್ಲರ್ ಶಾಫ್ಟ್ ಒಂದು ಎರಡನ್ನೂ ಬೆಸೆಯುತ್ತದೆ. 1,298 ಸಿ.ಸಿ. ಎಂಜಿನ್ನಿನ ಜಿಪ್ಸಿ ಕಿಂಗ್‌ನಲ್ಲಿ ಹೈ ಅನುಪಾತ 1.409, ಲೋ ಅನುಪಾತ 2.268. ಹೈನಲ್ಲೂ ವೇಗ ಇಳಿಯುವುದರಿಂದ ಇದರಲ್ಲೂ ಗೇರಿನ ಕೂಗು ಇದ್ದೇ ಇರುತ್ತದೆ. ಸ್ಕಾರ್ಪಿಯೋದ ಫೋರ್ ವೀಲ್ ಮಾದರಿಗಳಲ್ಲಿ ಬೋರ್ಗ್‌ವಾರ್ನರ್ ಕಂಪನಿಯ, ಗುಂಡಿ ತಿರುಗಿಸಿ ಬದಲಿಸುವ ವಿದ್ಯುತ್ ನಿಯಂತ್ರಣದ ಪೆಟ್ಟಿಗೆ ಬಂತು.

ಲಾರಿಗಳ ಪೈಕಿ ಜರ್ಮನಿಯ ಮಾನ್ ಕಂಪನಿಯ ಪರವಾನಗಿಯಲ್ಲಿ ಜಬಲ್ಪುರದಲ್ಲಿ ತಯಾರಾದ ಶಕ್ತಿಮಾನ್, ಅದರ ನಂತರ ಸೇನೆ ಸೇರಿದ ಅಶೋಕ್ ಲೇಲ್ಯಾಂಡ್ ಸ್ಟಾಲಿಯನ್ ಮುಖ್ಯವಾದವು. ಸೇನೆ ಹರಾಜು ಹಾಕಿದ ಹಳೆಯ ಫೋರ್ ವೀಲ್ ಲಾರಿಗಳು ಮಲೆನಾಡಿನಲ್ಲಿ ದಿಮ್ಮಿ ಸಾಗಿಸುವ ಕೆಲಸಕ್ಕೆ ಇಳಿದವು. ಸಾವರ್ಡೆಯ ಅದಿರು ಸಾಗಣೆಗೆ ಹೆಸರಾದ ಟಿಪ್ಪರ್‌ಗಳು ಈ ಗುಂಪಿಗೆ ಸೇರುವುದಿಲ್ಲ. ಅವು ಹಿಂದಿನ ಚಕ್ರಗಳಿಂದ ಮಾತ್ರ ಓಡುವುವು. ಅವುಗಳಲ್ಲಿ ಟ್ರಾನ್ಸ್‌ಫರ್ ಕೇಸ್ ಇರುವುದಿಲ್ಲ.

ಸಾವರ್ಡೆ–ಕುಳೆಂ ಪರಿಸರ

ಸಾವರ್ಡೆ ದಕ್ಷಿಣ ಗೋವಾ ಜಿಲ್ಲೆಯ ಗಣಿ ಪ್ರದೇಶದ ಊರು, ಕುಡಚಡೆಗೆ ಅಂಟಿಕೊಂಡಂತಿದೆ. ಒಳನಾಡಿನ ಗಣಿಗಳಿಂದ ಟಿಪ್ಪರ್‌ಗಳಲ್ಲಿ ಬಂದ ಕಬ್ಬಿಣದ ಅದಿರು ಇಲ್ಲಿಯ ಜೆಟ್ಟಿಗಳಲ್ಲಿ ಬಾರ್ಜ್ ಏರಿ ಜುವಾರಿ ನದಿಯ ಮೂಲಕ ಮುರ್ಮಗಾಂವ್ ಬಂದರಿಗೆ ಹೋಗುತ್ತಿತ್ತು. ಗಣಿಗಾರಿಕೆ 2012ರಲ್ಲಿ ನಿಂತು, ನಡುವೆ ಮರಳಿ ಆರಂಭವಾಗಿ, ಸುಪ್ರೀಂ ಕೋರ್ಟಿನ ತೀರ್ಪಿನಿಂದಾಗಿ 2018ರಲ್ಲಿ ಮತ್ತೆ ನಿಂತಿತು. ಲಾರಿ ರಿಪೇರಿಯನ್ನೇ ನೆಚ್ಚಿದ ಗ್ಯಾರೇಜುಗಳಿಗೆ ಇದರಿಂದ ಪೆಟ್ಟು ಬಿತ್ತು.

ಸಾವರ್ಡೆಯ ಮೂಲಕ ಹಾದುಹೋಗುವ ರೈಲು ಮಾರ್ಗದಲ್ಲಿ ಪೂರ್ವಕ್ಕೆ, ಘಟ್ಟದ ಬುಡದಲ್ಲಿ ಕುಳೆಂ ನಿಲ್ದಾಣವಿದೆ. ಅಲ್ಲಿಂದ ಹಳಿ ದೂಧಸಾಗರದ ಪಕ್ಕದಲ್ಲಿ ಹಾದು ಕರ್ನಾಟಕದ ಕ್ಯಾಸಲ್‌ರಾಕ್‌ಗೆ ಏರುತ್ತದೆ. ಸುಮಾರು 310 ಮೀ. ಎತ್ತರದ ದೂಧಸಾಗರ ಜಲಪಾತದ ಬುಡಕ್ಕೆ ಪ್ರವಾಸಿಗರನ್ನು ಒಯ್ಯುವ ಜೀಪುಗಳು ಹೊರಡುವುದು ಈ ಕುಳೆಂನಿಂದ. ಭಗವಾನ್ ಮಹಾವೀರ ಅಭಯಾರಣ್ಯದ ಒಳಗಿನ ಈ ದಾರಿ ಕಲ್ಲು, ಬೇರು, ಕೆಂಪು ಧೂಳು ತುಂಬಿದ ಕಾಡುದಾರಿ. ಹೊಳೆಯನ್ನು ಒಂದಕ್ಕಿಂತ ಹೆಚ್ಚು ಕಡೆ ನೀರಲ್ಲೇ ದಾಟಬೇಕು. ಮಳೆಗಾಲದಲ್ಲಿ ಸೇವೆ ನಿಂತು ಸಾಮಾನ್ಯವಾಗಿ ಅಕ್ಟೋಬರ್ ಹೊತ್ತಿಗೆ ಮತ್ತೆ ಶುರುವಾಗುತ್ತದೆ.

ಈ ಬಳಕೆಯ ಕ್ರಮವೇ ದೋಷಗಳ ಸ್ವರೂಪವನ್ನು ನಿರ್ಧರಿಸುತ್ತದೆ. ಏರುದಾರಿಯಲ್ಲಿ ಬಿಸಿಯಾದ ಪೆಟ್ಟಿಗೆ ಹೊಳೆಯ ತಣ್ಣೀರಿಗೆ ಇಳಿಯುತ್ತದೆ. ಜಂಬಿಟ್ಟಿಗೆಯ ನುಣುಪು ಧೂಳು ಎಣ್ಣೆ ಸೋರಿದಲ್ಲೆಲ್ಲ ಅಂಟಿ ಸೀಲಿನ ತುಟಿಯನ್ನು ಸವೆಸುತ್ತದೆ. ಕಾಡುದಾರಿ ಮುಗಿದ ಮೇಲೂ ಚಾಲಕ ಫೋರ್ ವೀಲ್ ತೆಗೆಯಲು ಮರೆತರೆ ಡಾಂಬರಿನ ಮೇಲೆ ತಿರುಚುವಿಕೆ ಏರುತ್ತದೆ. ಮಳೆಗಾಲದ ತಿಂಗಳುಗಟ್ಟಲೆ ನಿಲುಗಡೆಯಲ್ಲಿ ಲಿವರಿನ ಸಂದುಗಳು ತುಕ್ಕು ಹಿಡಿಯುತ್ತವೆ, ಸೀಲುಗಳು ಒಣಗುತ್ತವೆ. ಪಶ್ಚಿಮಘಟ್ಟದ ಕರ್ನಾಟಕದ ಭಾಗದಲ್ಲಿ ಓಡುವ ಜೀಪುಗಳಿಗೂ ಇದೇ ಮಾತು ಹೆಚ್ಚುಕಡಿಮೆ ಅನ್ವಯಿಸುತ್ತದೆ.

ಪರೀಕ್ಷೆಗೆ ಮುನ್ನ ಸುರಕ್ಷತೆ

ಟ್ರಾನ್ಸ್‌ಫರ್ ಕೇಸು ನ್ಯೂಟ್ರಲ್‌ನಲ್ಲಿದ್ದರೆ ಗೇರ್‌ಬಾಕ್ಸ್ ಯಾವ ಗೇರಿನಲ್ಲಿದ್ದರೂ ವಾಹನ ಉರುಳಬಲ್ಲದು. ಹಳೆಯ ಜೀಪುಗಳಲ್ಲಿ ಇನ್ನೊಂದು ಅಪಾಯವಿದೆ: ಹ್ಯಾಂಡ್ ಬ್ರೇಕಿನ ಡ್ರಮ್ಮು ಚಕ್ರದಲ್ಲಿರದೆ ಟ್ರಾನ್ಸ್‌ಫರ್ ಕೇಸಿನ ಹಿಂದಿನ ತುದಿಯಲ್ಲಿರುತ್ತದೆ. ಹಿಂದಿನ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿದ ಗಳಿಗೆಯಿಂದ ಆ ಬ್ರೇಕು ಹಿಂದಿನ ಚಕ್ರಗಳನ್ನು ಹಿಡಿಯುವುದಿಲ್ಲ. ಶಾಫ್ಟ್ ಇದ್ದರೂ ಹಿಂದಿನ ಒಂದೇ ಚಕ್ರ ಜಾಕ್ ಮೇಲೆ ಎತ್ತಿದರೆ, ಡಿಫರೆನ್ಷಿಯಲ್ ಮೂಲಕ ಎತ್ತಿದ ಚಕ್ರ ತಿರುಗಿ, ನೆಲದ ಮೇಲಿನ ಚಕ್ರ ಉರುಳಲು ದಾರಿಯಾಗುತ್ತದೆ. ಆದ್ದರಿಂದ ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಎರಡೂ ಕಡೆ ಅಡೆ ಕೊಟ್ಟು, ಗಟ್ಟಿ ಸ್ಟ್ಯಾಂಡಿನ ಮೇಲೆ ಭಾರ ಇಳಿಸಿದ ಮೇಲೆಯೇ ಕೆಳಗೆ ಮಲಗಬೇಕು.

ದೋಷಪತ್ತೆಯ ಕ್ರಮ

ಮೊದಲು ಚಾಲಕನಿಂದ ವಿವರ ಕೇಳಬೇಕು. ಯಾವ ಗೇರಿನಲ್ಲಿ, ಎಳೆಯುವಾಗಲೋ ಎಕ್ಸಲರೇಟರ್ ಬಿಟ್ಟಾಗಲೋ, ನೇರ ದಾರಿಯಲ್ಲೋ ತಿರುವಿನಲ್ಲೋ, ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ ಎಂಬ ಉತ್ತರಗಳೇ ಅರ್ಧ ಕೆಲಸ ಮುಗಿಸುತ್ತವೆ. ನಂತರದ ತಪಾಸಣೆ ಈ ಸಾಲಿನಲ್ಲಿ ಸಾಗುವುದು ಲೇಸು:

1. ನಾಲ್ಕೂ ಟೈರುಗಳ ಅಳತೆ, ಸವೆತ, ಗಾಳಿ.
2. ಗೇರ್‌ಬಾಕ್ಸ್ ಮತ್ತು ಟ್ರಾನ್ಸ್‌ಫರ್ ಕೇಸ್ ಎರಡರಲ್ಲೂ ಎಣ್ಣೆಯ ಮಟ್ಟ, ಬಣ್ಣ, ವಾಸನೆ.
3. ಬ್ರೀದರ್ ತೆರೆದಿದೆಯೇ ಎಂಬುದು.
4. ಮೌಂಟಿಂಗ್ ರಬ್ಬರ್, ಅದರ ಬೋಲ್ಟು, ಚಾಸಿಯ ಅಡ್ಡಪಟ್ಟಿ.
5. ಲಿವರ್, ಅದರ ಪಿನ್ನು, ಬುಷ್, ಕೊಂಡಿಗಳ ಸಡಿಲ. ನೆಲದ ತಗಡಿಗೆ ತಾಗುವಿಕೆ.
6. ಪ್ರೊಪೆಲ್ಲರ್ ಶಾಫ್ಟ್‌ನ ಕ್ರಾಸು, ಜಾರುವ ಸ್ಪ್ಲೈನ್, ಫ್ಲಾಂಜ್ ನಟ್ಟು.
7. ಮುಂದಿನ ಹಬ್ ಲಾಕು (ಚಕ್ರವನ್ನು ಆಕ್ಸಲ್ ಶಾಫ್ಟಿಗೆ ಜೋಡಿಸುವ, ಬಿಡಿಸುವ ಕೊಂಡಿ) ಮತ್ತು ಆಕ್ಸಲ್.
8. ಇಷ್ಟಾದ ಮೇಲೆ ಪೆಟ್ಟಿಗೆ.

ಟೈರಿನ ಅಳತೆಯನ್ನು ಮೊದಲು ಇಟ್ಟಿರುವುದಕ್ಕೆ ಲೆಕ್ಕದ ಆಧಾರವಿದೆ. ಹಿಂದಿನ ಟೈರಿನ ಸುತ್ತಳತೆ 2.20 ಮೀ., ಸವೆದ ಮುಂದಿನ ಟೈರಿನದು 2.16 ಮೀ. ಎಂದುಕೊಂಡರೆ ವ್ಯಾಸದಲ್ಲಿ ಇರುವ ವ್ಯತ್ಯಾಸ ಒಂದೂಕಾಲು ಸೆಂ.ಮೀ. ಮಾತ್ರ. ಆದರೆ ಒಂದು ಕಿ.ಮೀ. ಸಾಗುವಷ್ಟರಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಎಂಟಕ್ಕೂ ಹೆಚ್ಚು ಸುತ್ತು ಜಾಸ್ತಿ ತಿರುಗಬೇಕು. ಫೋರ್ ವೀಲ್‌ನಲ್ಲಿ ಶಾಫ್ಟ್‌ಗಳು ಅದಕ್ಕೆ ಅವಕಾಶ ಕೊಡುವುದಿಲ್ಲ. ನೇರ ರಸ್ತೆಯಲ್ಲೇ ಗಾಡಿ ಬಿಗಿಯುತ್ತದೆ, ಲಿವರ್ ಕೀಳಲಾಗುವುದಿಲ್ಲ, ಪೆಟ್ಟಿಗೆ ಬಿಸಿಯಾಗುತ್ತದೆ. ಹಿಂದೆ ಎರಡು ಹೊಸ ಟೈರು ಹಾಕಿ ಮುಂದೆ ಹಳೆಯದನ್ನೇ ಉಳಿಸಿಕೊಂಡ ವಾಹನದಲ್ಲಿ ಈ ದೂರು ಬಂದರೆ ಸ್ಪ್ಯಾನರ್ ಹಿಡಿಯುವ ಮೊದಲು ಅಳತೆ ಟೇಪು ಹಿಡಿಯಬೇಕು.

ಇದೇ ಜಾತಿಯ ಇನ್ನೊಂದು ದೋಷ ಗುಜರಿಯಿಂದ ತಂದ ಆಕ್ಸಲ್ ಹಾಕಿದ ವಾಹನಗಳಲ್ಲಿ ಸಿಗುತ್ತದೆ. 8 ಹಲ್ಲಿನ ಪಿನಿಯನ್ನಿಗೆ 43 ಹಲ್ಲಿನ ಕ್ರೌನ್ ಇದ್ದರೆ ಅನುಪಾತ ಸುಮಾರು 5.38, 39 ಹಲ್ಲಿನದಾದರೆ ಸುಮಾರು 4.88. ಹೊರನೋಟಕ್ಕೆ ಎರಡೂ ಆಕ್ಸಲ್ ಒಂದೇ ತೆರ ಕಾಣುತ್ತವೆ. ಒಂದು ಮುಂದೆ, ಒಂದು ಹಿಂದೆ ಕುಳಿತರೆ ಟು ವೀಲ್‌ನಲ್ಲಿ ಏನೂ ಗೊತ್ತಾಗದು. ಫೋರ್ ವೀಲ್ ಹಾಕಿದರೆ ಟ್ರಾನ್ಸ್‌ಫರ್ ಕೇಸ್ ಸೀಳುವಷ್ಟು ಒತ್ತಡ ಬೀಳುತ್ತದೆ. ಇದನ್ನು ಪತ್ತೆಹಚ್ಚಲು ಸೀಮೆಸುಣ್ಣ ಸಾಕು. ಉಳಿದ ಚಕ್ರಗಳಿಗೆ ಅಡೆ ಕೊಟ್ಟು, ಟ್ರಾನ್ಸ್‌ಫರ್ ಕೇಸನ್ನು ನ್ಯೂಟ್ರಲ್‌ನಲ್ಲಿರಿಸಿ, ಹ್ಯಾಂಡ್ ಬ್ರೇಕ್ ಬಿಟ್ಟು, ಆ ಆಕ್ಸಲ್ಲಿನ ಒಂದು ಚಕ್ರ ಮಾತ್ರ ಎತ್ತಬೇಕು. ಟೈರಿಗೂ ಪ್ರೊಪೆಲ್ಲರ್ ಶಾಫ್ಟಿಗೂ ಗುರುತು ಹಾಕಿ ಚಕ್ರವನ್ನು ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಬೇಕು. ಇನ್ನೊಂದು ಚಕ್ರ ನಿಂತಿರುವುದರಿಂದ ಈ ಎರಡು ಸುತ್ತಿಗೆ ಕ್ರೌನ್ ಒಂದೇ ಸುತ್ತು ತಿರುಗುತ್ತದೆ. ಶಾಫ್ಟಿನ ಗುರುತು ಐದು ಸುತ್ತು ದಾಟಿ ಮುಂದಕ್ಕೆ ಹೋದರೆ ಮೊದಲ ಅನುಪಾತ, ಐದು ಸುತ್ತು ತುಂಬದೆ ನಿಂತರೆ ಎರಡನೆಯದು. ಮುಂದಿನ ಆಕ್ಸಲ್ಲಿಗೂ ಹೀಗೇ ಮಾಡಿ ಹೋಲಿಸಬೇಕು; ಅಲ್ಲಿ ಹಬ್ ಲಾಕ್ ಇದ್ದರೆ ಅದನ್ನು ಹಾಕಿರಬೇಕು.

ಸದ್ದು

ಸದ್ದಿನ ಮೂಲ ಹಿಡಿಯಲು ಒಂದೊಂದೇ ಭಾಗವನ್ನು ತಿರುಗಿಸಿ ನೋಡುವುದು ಖಚಿತ ವಿಧಾನ. ಗಾಡಿ ನಿಂತಿರುವಾಗ, ಎರಡೂ ಪೆಟ್ಟಿಗೆ ನ್ಯೂಟ್ರಲ್‌ನಲ್ಲಿದ್ದು ಎಂಜಿನ್ ಓಡುತ್ತಿರಲಿ. ಗರಗರ ಸದ್ದು ಇದ್ದು ಕ್ಲಚ್ ಒತ್ತಿದಾಗ ನಿಂತರೆ ಅದು ಗೇರ್‌ಬಾಕ್ಸಿನ ಮುಂದಿನ ಬೇರಿಂಗ್ ಅಥವಾ ಕೌಂಟರ್ ಶಾಫ್ಟಿನದು. ಟ್ರಾನ್ಸ್‌ಫರ್ ಕೇಸಿಗೆ ಸಂಬಂಧವಿಲ್ಲ. ಸದ್ದು ಇಲ್ಲದಿದ್ದರೆ ಟ್ರಾನ್ಸ್‌ಫರ್ ಕೇಸನ್ನು ನ್ಯೂಟ್ರಲ್‌ನಲ್ಲೇ ಬಿಟ್ಟು ಗೇರ್‌ಬಾಕ್ಸನ್ನು ಮೂರನೆಯ ಗೇರಿಗೆ ಹಾಕಿ ಕ್ಲಚ್ ಬಿಡಬೇಕು. ಮಾಡೆಲ್ 18ರಲ್ಲಿ ಈಗ ಇನ್‌ಪುಟ್ ಮತ್ತು ಇಂಟರ್‌ಮೀಡಿಯೆಟ್ ಗೇರುಗಳು ತಿರುಗುತ್ತವೆ. ಔಟ್‌ಪುಟ್ ಶಾಫ್ಟು, ಪ್ರೊಪೆಲ್ಲರ್ ಶಾಫ್ಟು, ಆಕ್ಸಲ್ ನಿಂತಿರುತ್ತವೆ. ಈ ಸ್ಥಿತಿಯಲ್ಲಿ ಹುಟ್ಟುವ ಒರಟು ಸದ್ದು ಬಹುತೇಕ ಇಂಟರ್‌ಮೀಡಿಯೆಟ್ ಶಾಫ್ಟಿನ ನೀಡಲ್ ಬೇರಿಂಗಿನದು ಅಥವಾ ಗೇರ್‌ಬಾಕ್ಸಿನ ಹಿಂದಿನ ಬೇರಿಂಗಿನದು. ಇಲ್ಲೂ ಸದ್ದಿಲ್ಲದೆ, ಗಾಡಿ ಓಡುವಾಗ ಮಾತ್ರ ಬರುತ್ತಿದ್ದರೆ ಔಟ್‌ಪುಟ್ ಬೇರಿಂಗು, ಕ್ರಾಸು, ಕ್ರೌನ್-ಪಿನಿಯನ್, ಚಕ್ರದ ಬೇರಿಂಗುಗಳ ಕಡೆ ಗಮನ ಹರಿಸಬೇಕು.

ಫೋರ್ ವೀಲ್ ಹಾಕಿದಾಗ ಮಾತ್ರ ಕೇಳುವ ಸದ್ದು ಮುಂದಿನ ಔಟ್‌ಪುಟ್, ಮುಂದಿನ ಪ್ರೊಪೆಲ್ಲರ್ ಶಾಫ್ಟ್ ಅಥವಾ ಮುಂದಿನ ಆಕ್ಸಲ್ಲಿನದು. ಸದ್ದಿನ ಜತೆಗೆ ಸ್ಪೀಡೋಮೀಟರಿನ ಮುಳ್ಳು ಕುಣಿಯುತ್ತಿದ್ದರೆ ಅಥವಾ ನಿಂತಿದ್ದರೆ ಹಿಂದಿನ ಔಟ್‌ಪುಟ್ ಶಾಫ್ಟು ಹಿಂದೆ ಮುಂದೆ ಆಡುತ್ತಿದೆಯೇ ನೋಡಬೇಕು, ಏಕೆಂದರೆ ಸ್ಪೀಡೋಮೀಟರಿನ ಗೇರು ಕೂರುವುದು ಅದೇ ಶಾಫ್ಟಿನ ಮೇಲೆ.

ಗೇರು ಹಾರುವುದು

ಏರಿನಲ್ಲಿ ಎಳೆಯುವಾಗ ಅಥವಾ ಇಳಿಜಾರಿನಲ್ಲಿ ಎಂಜಿನ್ ಹಿಡಿತದಲ್ಲಿ ಇಳಿಯುವಾಗ ಲಿವರ್ ತಾನಾಗಿ ನ್ಯೂಟ್ರಲ್‌ಗೆ ಜಿಗಿಯುವುದು ಅತ್ಯಂತ ಅಪಾಯದ ದೋಷ. ಇಳಿಜಾರಿನಲ್ಲಿ ಎಂಜಿನ್ನಿನ ಹಿಡಿತ ಒಮ್ಮೆಲೆ ತಪ್ಪುತ್ತದೆ. ಮೊದಲು ನೋಡಬೇಕಾದದ್ದು ಮೌಂಟಿಂಗ್. ಎಳೆತ ಬಿದ್ದಾಗ ಕುಸಿದ ರಬ್ಬರಿನ ಮೇಲೆ ಪೆಟ್ಟಿಗೆ ವಾಲಿ, ಲಿವರ್ ನೆಲದ ತಗಡಿನ ಅಂಚಿಗೆ ತಾಗಿ, ತಗಡೇ ಗೇರನ್ನು ಹೊರಕ್ಕೆ ತಳ್ಳುತ್ತದೆ. ಲಿವರಿನ ರಬ್ಬರ್ ಟೊಪ್ಪಿ ತೆಗೆದು, ಒಬ್ಬರು ಬ್ರೇಕ್ ಒತ್ತಿ ಕ್ಲಚ್ಚನ್ನು ತುಸು ಹಿಡಿದಾಗ ಇನ್ನೊಬ್ಬರು ಪಕ್ಕದಿಂದ ಗಮನಿಸಿದರೆ ಇದು ಕಣ್ಣಿಗೇ ಕಾಣುತ್ತದೆ.

ಮೌಂಟಿಂಗ್ ಸರಿಯಿದ್ದರೆ ಕೊಂಡಿಗಳ ಸವೆತ ನೋಡಬೇಕು. ಪಿನ್ನು, ಬುಷ್ ಸವೆದರೆ ಲಿವರ್ ಪೂರ್ತಿ ಹೋದಂತೆ ತೋರಿದರೂ ಒಳಗಿನ ಗೇರು ಅರ್ಧ ಹಲ್ಲಿನಷ್ಟೇ ಕೂತಿರುತ್ತದೆ. ಅದಾದ ಮೇಲೆ ಸರದಿ ಒಳಗಿನ ಕಾರಣಗಳದು: ಶಿಫ್ಟರ್ ದಂಡವನ್ನು ಹಿಡಿದಿಡುವ ಗುಂಡು ಮತ್ತು ಸ್ಪ್ರಿಂಗಿನ ದುರ್ಬಲತೆ, ದಂಡದ ಗುಳಿಯ ಸವೆತ, ಬಾಗಿದ ಫೋರ್ಕು, ತುದಿ ಸವೆದು ಓರೆಯಾದ ಹಲ್ಲು, ಶಾಫ್ಟಿನ ಅತಿಯಾದ ಆಟ. ಗುಂಡು ಮತ್ತು ಸ್ಪ್ರಿಂಗನ್ನು ಪೆಟ್ಟಿಗೆ ಇಳಿಸದೆಯೇ ಬದಲಿಸಬಹುದಾದ ಮಾದರಿಗಳಿವೆ. ಅಗ್ಗದ ಈ ಕೆಲಸವನ್ನು ಮೊದಲು ಮುಗಿಸುವುದು ಜಾಣತನ.

ಗೇರು ಬೀಳದಿರುವುದು ಮತ್ತು ಸಿಕ್ಕಿಕೊಳ್ಳುವುದು

ಫೋರ್ ವೀಲ್‌ನಿಂದ ಲಿವರ್ ಬರುತ್ತಿಲ್ಲ ಎಂಬ ದೂರಿನಲ್ಲಿ ಬಹಳಷ್ಟು ಸಲ ಏನೂ ಮುರಿದಿರುವುದಿಲ್ಲ. ಶಾಫ್ಟುಗಳಲ್ಲಿ ತಿರುಚುವಿಕೆ ಸೇರಿಕೊಂಡು ಹಲ್ಲುಗಳು ಒಂದನ್ನೊಂದು ಒತ್ತಿ ಹಿಡಿದಿರುತ್ತವೆ. ಸ್ಟೇರಿಂಗ್ ನೇರ ಇಟ್ಟು ಕೆಲವು ಮೀಟರ್ ಹಿಂದಕ್ಕೆ ಓಡಿಸಿ, ಚಲಿಸುತ್ತಿರುವಂತೆಯೇ ಕ್ಲಚ್ ಒತ್ತಿ ಲಿವರ್ ಎಳೆದರೆ ಬಿಡುತ್ತದೆ. ಅದಕ್ಕೂ ಬಗ್ಗದಿದ್ದರೆ ಅಡೆ ಕೊಟ್ಟು ಒಂದು ಚಕ್ರವನ್ನು ಜಾಕಿನಿಂದ ಎತ್ತಿದಾಗ ತಿರುಚುವಿಕೆ ಬಿಚ್ಚಿಕೊಳ್ಳುತ್ತದೆ. ಆಗ ಚಕ್ರ ಒಮ್ಮೆಲೆ ತಿರುಗಬಹುದಾದ್ದರಿಂದ ಕೈ ದೂರವಿರಬೇಕು. ಲಿವರಿಗೆ ಪೈಪು ತೂರಿಸಿ ಎಳೆಯುವುದರಿಂದ ಫೋರ್ಕು ಬಾಗುವುದೇ ಹೊರತು ಕೆಲಸವಾಗುವುದಿಲ್ಲ.

ಲೋ ಬೀಳದಿದ್ದರೆ ಮೊದಲು ಕ್ರಮ ಸರಿಯಿದೆಯೇ ನೋಡಬೇಕು. ಹಳೆಯ ಪೆಟ್ಟಿಗೆಗಳಲ್ಲಿ ಗಾಡಿ ನಿಂತಿರಬೇಕು ಅಥವಾ ತೆವಳುತ್ತಿರಬೇಕು; ಮುಂದಿನ ಆಕ್ಸಲ್ ಮೊದಲೇ ಜೋಡಿಸಿರಬೇಕು. ಕ್ರಮ ಸರಿಯಿದ್ದೂ ಬೀಳದಿದ್ದರೆ ತುಕ್ಕು ಹಿಡಿದ ಕೊಂಡಿ, ಮಳೆಗಾಲವಿಡೀ ಕದಲದೆ ಅಂಟಿಕೊಂಡ ಶಿಫ್ಟರ್ ದಂಡ, ಪೂರ್ತಿ ಬಿಡದ ಕ್ಲಚ್, ಈ ಸಾಲಿನಲ್ಲಿ ಪರೀಕ್ಷೆ ನಡೆಯಬೇಕು. ಗಾಳಿಯ ಒತ್ತಡದಿಂದ ಗೇರು ಬದಲಿಸುವ ದೊಡ್ಡ ಲಾರಿಗಳಲ್ಲಿ ಗಾಳಿಯ ಕೊಳವೆ, ವಾಲ್ವ್, ಸಿಲಿಂಡರಿನ ಸೋರಿಕೆಯೂ ಕಾರಣವಾಗುತ್ತದೆ.

ಮುಂದಿನ ಚಕ್ರ ಎಳೆಯದಿರುವುದು

ಲಿವರ್ ಫೋರ್ ವೀಲ್‌ನಲ್ಲಿದ್ದರೂ ಹೊಳೆಯ ದಡದಲ್ಲಿ ಹಿಂದಿನ ಚಕ್ರ ಮಾತ್ರ ತಿರುಗಿ ಗುಂಡಿ ತೋಡುತ್ತಿದ್ದರೆ ದೋಷ ಪೆಟ್ಟಿಗೆಯಲ್ಲೇ ಇರಬೇಕೆಂದಿಲ್ಲ. ಎಂಜಿನ್ ನಿಲ್ಲಿಸಿ, ಗೇರಿನಲ್ಲಿಟ್ಟು, ಫೋರ್ ವೀಲ್ ಹಾಕಿ, ಉಳಿದ ಚಕ್ರಗಳಿಗೆ ಅಡೆ ಕೊಟ್ಟು ಮುಂದಿನ ಒಂದು ಚಕ್ರ ಎತ್ತಿ, ಮುಂದಿನ ಪ್ರೊಪೆಲ್ಲರ್ ಶಾಫ್ಟನ್ನು ಕೈಯಿಂದ ತಿರುಗಿಸಲು ನೋಡಬೇಕು. ಅದು ಸಲೀಸಾಗಿ ತಿರುಗಿದರೆ ಟ್ರಾನ್ಸ್‌ಫರ್ ಕೇಸು ಮುಂದಿನ ಶಾಫ್ಟನ್ನು ಹಿಡಿದಿಲ್ಲ: ಕೊಂಡಿ, ಫೋರ್ಕು ಅಥವಾ ಜಾರುವ ತೋಳಿನ ದೋಷ. ಶಾಫ್ಟು ಬಿಗಿಯಾಗಿದ್ದರೆ ಎತ್ತಿದ ಚಕ್ರವನ್ನು ತಿರುಗಿಸಿ ನೋಡಬೇಕು. ಇನ್ನೊಂದು ಚಕ್ರ ನೆಲದಲ್ಲಿದ್ದು ಶಾಫ್ಟೂ ಬಿಗಿಯಿರುವಾಗ ಎತ್ತಿದ ಚಕ್ರ ತಿರುಗಕೂಡದು. ಸರಾಗವಾಗಿ ತಿರುಗಿದರೆ ಎರಡರಲ್ಲಿ ಒಂದು ಕಡೆಯ ಹಬ್ ಲಾಕು ಕಚ್ಚಿಲ್ಲ, ಇಲ್ಲವೇ ಆಕ್ಸಲ್ ಶಾಫ್ಟು ಮುರಿದಿದೆ. ಕೈಯಿಂದ ತಿರುಗಿಸುವ ಹಬ್ ಲಾಕುಗಳಲ್ಲಿ ಒಂದು ಬದಿ ಹಾಕಿ ಇನ್ನೊಂದು ಮರೆಯುವುದೂ ಉಂಟು. ಹಾಗಾದಾಗ ಡಿಫರೆನ್ಷಿಯಲ್ ಮೂಲಕ ಶಕ್ತಿಯೆಲ್ಲ ಬಿಟ್ಟ ಬದಿಗೇ ಹರಿದುಹೋಗುತ್ತದೆ.

ಎಣ್ಣೆ ಸೋರಿಕೆ ಮತ್ತು ನೀರು

ಸೋರಿಕೆ ಹಿಂದಿನ ಔಟ್‌ಪುಟ್ ಸೀಲು, ಮುಂದಿನ ಔಟ್‌ಪುಟ್ ಸೀಲು, ಶಿಫ್ಟರ್ ದಂಡದ ಸೀಲು, ತಳದ ಮುಚ್ಚಳದ ಪ್ಯಾಕಿಂಗ್, ಸ್ಪೀಡೋಮೀಟರ್ ಕೇಬಲ್ಲಿನ ಬುಡ ಇವುಗಳಲ್ಲಿ ಎಲ್ಲಿಂದಲಾದರೂ ಆಗಬಹುದು. ಓಡುವಾಗಿನ ಗಾಳಿ ಎಣ್ಣೆಯನ್ನು ಹಿಂದಕ್ಕೆ ತಳ್ಳುವುದರಿಂದ ಒದ್ದೆಯಾದ ಜಾಗವೇ ಮೂಲವೆಂದು ತಿಳಿಯಬಾರದು. ಪೆಟ್ಟಿಗೆಯನ್ನು ತೊಳೆದು ಒರೆಸಿ, ಸ್ವಲ್ಪ ದೂರ ಓಡಿಸಿ ಮತ್ತೆ ನೋಡಬೇಕು. ಹಳೆಯ ಜೀಪಿನಲ್ಲಿ ಹಿಂದಿನ ಸೀಲು ಸೋರಿದರೆ ಎಣ್ಣೆ ನೇರ ಹ್ಯಾಂಡ್ ಬ್ರೇಕಿನ ಡ್ರಮ್ಮಿಗೆ ಬೀಳುತ್ತದೆ. ಹ್ಯಾಂಡ್ ಬ್ರೇಕ್ ಹಿಡಿಯುತ್ತಿಲ್ಲ ಎಂಬ ದೂರು ಆಗ ಸೀಲಿನ ದೂರೇ ಆಗಿರುತ್ತದೆ.

ಸೀಲು ಹೊಸದು ಹಾಕಿದರೂ ಸೋರಿಕೆ ನಿಲ್ಲದಿದ್ದರೆ ಮೂರು ಕಾರಣ ನೋಡಬೇಕು. ಸೀಲಿನ ತುಟಿ ಉಜ್ಜುವ ಯೋಕಿನ ಮೈಯಲ್ಲಿ ಗೆರೆ ಬಿದ್ದಿರಬಹುದು. ಉಗುರಿಗೆ ತಗಲುವಷ್ಟು ಗೆರೆಯಿದ್ದರೆ ಯೋಕು ಬದಲಿಸಬೇಕು ಇಲ್ಲವೇ ತೋಳು ಹಾಕಿಸಬೇಕು. ಬೇರಿಂಗ್ ಸವೆದು ಶಾಫ್ಟು ಅಲುಗುತ್ತಿರಬಹುದು. ಬ್ರೀದರ್ ಮಣ್ಣಿನಿಂದ ಮುಚ್ಚಿರಬಹುದು. ಬಿಸಿಯಾದ ಗಾಳಿಗೆ ಹೋಗಲು ದಾರಿಯಿಲ್ಲದೆ ಅದು ಎಣ್ಣೆಯನ್ನು ಸೀಲಿನ ಮೂಲಕ ದೂಡುತ್ತದೆ.

ಬ್ರೀದರ್ ಮುಚ್ಚಿದ್ದರೆ ಹೊಳೆ ದಾಟುವಾಗ ಇದಕ್ಕೆ ತಿರುಗಾಮುರುಗಾ ಆಗುತ್ತದೆ. ಬಿಸಿ ಪೆಟ್ಟಿಗೆ ತಣ್ಣೀರು ಮುಟ್ಟಿದೊಡನೆ ಒಳಗಿನ ಗಾಳಿ ಕುಗ್ಗಿ, ಪೆಟ್ಟಿಗೆ ನೀರನ್ನು ಸೀಲಿನ ಸಂದಿನಿಂದ ಹೀರಿಕೊಳ್ಳುತ್ತದೆ. ಬ್ರೀದರ್ ತೆರೆದಿದ್ದರೂ ಅದರ ಬಾಯಿ ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ ಫಲ ಅದೇ. ನೀರು ಬೆರೆತ ಎಣ್ಣೆ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗುತ್ತದೆ. ನಿಂತ ಗಾಡಿಯಲ್ಲಿ ನೀರು ತಳಕ್ಕೆ ಇಳಿಯುವುದರಿಂದ, ಬೆಳಿಗ್ಗೆ ಓಡಿಸುವ ಮೊದಲೇ ಡ್ರೈನ್ ಬೋಲ್ಟನ್ನು ನಿಧಾನ ಸಡಿಲಿಸಿದರೆ ಎಣ್ಣೆಗಿಂತ ಮೊದಲು ನೀರು ಹನಿಯುತ್ತದೆ. ಇಂಥ ಎಣ್ಣೆಯಲ್ಲಿ ಇನ್ನೊಂದು ದಿನವೂ ಓಡಿಸದೆ ಪೂರ್ತಿ ತೆಗೆದು, ಹೊಸದು ತುಂಬಿ, ಸ್ವಲ್ಪ ಓಡಿಸಿ ಮತ್ತೊಮ್ಮೆ ಬದಲಿಸಬೇಕು. ಬ್ರೀದರಿಗೆ ರಬ್ಬರ್ ಕೊಳವೆ ಜೋಡಿಸಿ ಬಾನೆಟ್ಟಿನ ಎತ್ತರಕ್ಕೆ ಒಯ್ಯುವುದು ಶಾಶ್ವತ ಪರಿಹಾರ.

ಗೇರ್‌ಬಾಕ್ಸಿಗೇ ಅಂಟಿಕೊಂಡ ಪೆಟ್ಟಿಗೆಗಳಲ್ಲಿ ಎಣ್ಣೆ ಹೊರಗೆ ಹನಿಯದೆಯೇ ಕಡಿಮೆಯಾಗಬಹುದು. ಎರಡರ ನಡುವಿನ ಸೀಲು ಹೋದಾಗ ಎಣ್ಣೆ ಒಂದರಿಂದ ಇನ್ನೊಂದಕ್ಕೆ ಸರಿದು, ಒಂದು ತುಂಬಿ ಇನ್ನೊಂದು ಬರಿದಾಗುತ್ತದೆ. ಎರಡರ ಮಟ್ಟವನ್ನೂ ಒಟ್ಟಿಗೆ ನೋಡಬೇಕೆಂಬ ನಿಯಮ ಇದಕ್ಕಾಗಿಯೇ.

ನಡುಕ ಮತ್ತು ಬಡಿತ

ನಿರ್ದಿಷ್ಟ ವೇಗದಲ್ಲಿ ಏಳುವ ನಡುಕಕ್ಕೆ ಸವೆದ ಕ್ರಾಸು, ಬಾಗಿದ ಪ್ರೊಪೆಲ್ಲರ್ ಶಾಫ್ಟು ಅಥವಾ ತಪ್ಪಾಗಿ ಕೂರಿಸಿದ ಸ್ಪ್ಲೈನ್ ಕಾರಣ. ಶಾಫ್ಟಿನ ಎರಡೂ ತುದಿಯ ಯೋಕುಗಳು ಒಂದೇ ಸಾಲಿನಲ್ಲಿರಬೇಕು. ಬಿಚ್ಚಿ ಜೋಡಿಸುವಾಗ ಸ್ಪ್ಲೈನ್ ಒಂದೆರಡು ಹಲ್ಲು ಆಚೀಚೆಯಾದರೂ ನಡುಕ ಶುರುವಾಗುತ್ತದೆ. ರಿಪೇರಿಯ ನಂತರವೇ ನಡುಕ ಬಂತೆಂದರೆ ಮೊದಲು ಇದನ್ನೇ ನೋಡಬೇಕು. ಜಿಪ್ಸಿಯಲ್ಲಿ ಮೌಂಟಿಂಗ್ ರಬ್ಬರ್ ಕುಸಿದರೆ ಗಿಡ್ಡ ಶಾಫ್ಟಿನ ಕೋನ ಕೆಟ್ಟು ಇದೇ ಬಗೆಯ ನಡುಕ ಹುಟ್ಟುತ್ತದೆ. ಕ್ಲಚ್ ಬಿಡುವಾಗಿನ ಒಂದು 'ಟಣ್' ಬಡಿತ ಕ್ರಾಸು, ಸ್ಪ್ಲೈನ್, ಕ್ರೌನ್-ಪಿನಿಯನ್ನುಗಳ ಸಡಿಲ ಕೂಡಿ ಆದದ್ದು. ಟ್ರಾನ್ಸ್‌ಫರ್ ಕೇಸಿನ ಪಾಲು ಅದರಲ್ಲಿ ಸಣ್ಣದಿರುವುದೇ ಹೆಚ್ಚು.

ಸರಪಳಿ ಮತ್ತು ವಿದ್ಯುತ್ ನಿಯಂತ್ರಣದ ಪೆಟ್ಟಿಗೆಗಳು

ಸರಪಳಿ ಉದ್ದವಾದರೆ ಫೋರ್ ವೀಲ್‌ನಲ್ಲಿ ಭಾರ ಬಿದ್ದಾಗ ಹಲ್ಲಿನಿಂದ ಹಲ್ಲಿಗೆ ಜಿಗಿದು ಜೋರಾದ ಬಡಿತ ಕೇಳಿಸುತ್ತದೆ. ಟು ವೀಲ್‌ನಲ್ಲಿ ಸದ್ದಿರುವುದಿಲ್ಲ. ಸರಪಳಿಯನ್ನು ಗಿಡ್ಡ ಮಾಡಲಾಗದು. ಅದನ್ನೂ ಸವೆದ ಹಲ್ಲುಚಕ್ರಗಳನ್ನೂ ಒಟ್ಟಿಗೆ ಬದಲಿಸಬೇಕು. ಈ ಬಗೆಯ ಪೆಟ್ಟಿಗೆಗಳಲ್ಲಿ ಗೇರ್ ಆಯಿಲ್ ಬದಲು ತೆಳುವಾದ ಎಟಿಎಫ್ (ಆಟೊಮ್ಯಾಟಿಕ್ ಗೇರ್‌ಬಾಕ್ಸಿನ) ಎಣ್ಣೆ ಬೇಕಾಗುವ ಮಾದರಿಗಳಿರುವುದರಿಂದ ಕಂಪನಿ ಹೇಳಿದ್ದನ್ನೇ ಹಾಕಬೇಕು.

ಗುಂಡಿಯಿಂದ ಬದಲಾಗುವ ಪೆಟ್ಟಿಗೆ ಕೆಲಸ ಮಾಡದಿದ್ದರೆ ಫ್ಯೂಸ್, ಬ್ಯಾಟರಿ ವೋಲ್ಟೇಜ್, ಕನೆಕ್ಟರಿನ ತುಕ್ಕು, ಶಿಫ್ಟ್ ಮೋಟಾರು, ಅದರ ಸ್ಥಾನ ತಿಳಿಸುವ ಸೆನ್ಸರ್ ಎಂಬ ಕ್ರಮದಲ್ಲಿ ನೋಡಬೇಕು. ಗುಂಡಿ ತಿರುಗಿಸಿದಾಗ ಕೆಳಗಿನಿಂದ ಮೋಟಾರಿನ ಸದ್ದು ಬಂದರೆ ತಂತಿ ಸರಿ, ದೋಷ ಮುಂದಿನ ಭಾಗದಲ್ಲಿ. ಸದ್ದೇ ಇಲ್ಲದಿದ್ದರೆ ಮೊದಲು ತಂತಿಯ ಕಡೆ.

ಲಕ್ಷಣಗಳ ಸಾರಾಂಶ

| ಲಕ್ಷಣ | ಮೊದಲು ನೋಡಬೇಕಾದದ್ದು | ನಂತರ |
|---|---|---|
| ಫೋರ್ ವೀಲ್ ಲಿವರ್ ಬರದಿರುವುದು | ಟೈರು ಅಳತೆ, ತಿರುಚುವಿಕೆ | ಆಕ್ಸಲ್ ಅನುಪಾತ, ಫೋರ್ಕು |
| ಗೇರು ಹಾರುವುದು | ಮೌಂಟಿಂಗ್, ಕೊಂಡಿ | ಗುಂಡು-ಸ್ಪ್ರಿಂಗ್, ಹಲ್ಲು |
| ಮುಂದಿನ ಚಕ್ರ ಎಳೆಯದಿರುವುದು | ಹಬ್ ಲಾಕು | ಆಕ್ಸಲ್ ಶಾಫ್ಟು, ಜಾರುವ ತೋಳು |
| ಪದೇಪದೇ ಸೀಲು ಸೋರುವುದು | ಬ್ರೀದರ್ | ಯೋಕಿನ ಗೆರೆ, ಬೇರಿಂಗ್ |
| ಎಣ್ಣೆ ಹನಿಯದೆ ಕಡಿಮೆಯಾಗುವುದು | ಗೇರ್‌ಬಾಕ್ಸಿನ ಮಟ್ಟ | ನಡುವಿನ ಸೀಲು |
| ಹ್ಯಾಂಡ್ ಬ್ರೇಕ್ ಹಿಡಿಯದಿರುವುದು | ಡ್ರಮ್ಮಿನಲ್ಲಿ ಎಣ್ಣೆ | ಹಿಂದಿನ ಸೀಲು |
| ನಡುಕ | ಕ್ರಾಸು, ಯೋಕಿನ ಸಾಲು | ಶಾಫ್ಟ್ ಬ್ಯಾಲೆನ್ಸ್ |

ಬಿಚ್ಚಿದ ಮೇಲೆ

ಪೆಟ್ಟಿಗೆ ಬಿಚ್ಚಬೇಕೇ ಬೇಡವೇ ಎಂಬುದನ್ನು ತೆಗೆದ ಎಣ್ಣೆಯೇ ಹೇಳುತ್ತದೆ. ಡ್ರೈನ್ ಬೋಲ್ಟಿಗೆ ಅಂಟಿದ ನುಣುಪಾದ ಬೂದು ಪುಡಿ ಸಹಜ ಸವೆತ. ಕೈಗೆ ಸಿಗುವ ಚೂರು, ಮುರಿದ ಹಲ್ಲಿನ ತುಣುಕು, ಸೂಜಿಯಂಥ ರೋಲರ್ ಕಂಡರೆ ಬಿಚ್ಚದೆ ವಿಧಿಯಿಲ್ಲ. ನೀಡಲ್ ಬೇರಿಂಗ್ ಬದಲಿಸುವಾಗ ಅದು ಕೂರುವ ಶಾಫ್ಟನ್ನೂ ಪರೀಕ್ಷಿಸಬೇಕು. ಗುಳಿಬಿದ್ದ ಶಾಫ್ಟಿನ ಮೇಲೆ ಹೊಸ ಬೇರಿಂಗ್ ಹೆಚ್ಚು ದಿನ ಬಾಳದು. ಔಟ್‌ಪುಟ್ ಬೇರಿಂಗುಗಳ ಆಟವನ್ನು ತೆಳು ತಗಡಿನ ಶಿಮ್‌ಗಳಿಂದ ಹೊಂದಿಸಲಾಗುತ್ತದೆ. ಹಳೆಯ ಶಿಮ್‌ಗಳನ್ನು ಎಣಿಸದೆ ಎಸೆಯುವುದು, ಪ್ಯಾಕಿಂಗಿನ ದಪ್ಪ ಬದಲಿಸುವುದು, ಪೇಸ್ಟನ್ನು ಅತಿಯಾಗಿ ಮೆತ್ತುವುದು ಇವೆಲ್ಲ ಆ ಅಳತೆಯನ್ನು ಕೆಡಿಸುತ್ತವೆ. ಶಿಮ್ ಕಡಿಮೆಯಾದರೆ ಬೇರಿಂಗ್ ಬಿಗಿದು ಸುಡುತ್ತದೆ. ಹೆಚ್ಚಾದರೆ ಶಾಫ್ಟು ಆಡಿ ಸೀಲು ಸೋರುತ್ತದೆ, ಗೇರು ಹಾರುತ್ತದೆ.

ಹಳೆಯ ಜೀಪಿನ ಬಿಡಿಭಾಗಗಳು ಬೆಂಗಳೂರಿನ ಜೆ.ಸಿ. ರಸ್ತೆಯಂಥ ಪೇಟೆಗಳಲ್ಲಿ ಸಿಗುತ್ತವೆ. ಗುಜರಿಯಿಂದ ಇಡೀ ಪೆಟ್ಟಿಗೆ ತರುವುದಾದರೆ ಹಲ್ಲಿನ ಎಣಿಕೆ, ಇಂಟರ್‌ಮೀಡಿಯೆಟ್ ಶಾಫ್ಟಿನ ದಪ್ಪ, ಸ್ಪ್ಲೈನ್ ಎಣಿಕೆ ಮೂರನ್ನೂ ಹಳೆಯದರೊಂದಿಗೆ ಹೋಲಿಸಿ ನೋಡಬೇಕು. ಒಂದೇ ಹೆಸರಿನ ಪೆಟ್ಟಿಗೆಯಲ್ಲೂ ಬೇರೆ ಬೇರೆ ಕಾಲದಲ್ಲಿ ಶಾಫ್ಟಿನ ದಪ್ಪ ಬದಲಾಗಿದೆ.

ನಿರ್ವಹಣೆ

ಹೊಳೆ ದಾಟುವ ವಾಹನಕ್ಕೆ ಕಿಲೋಮೀಟರ್ ಲೆಕ್ಕದ ಎಣ್ಣೆ ಬದಲಾವಣೆ ಸಾಲದು. ಆಳ ನೀರಿನಲ್ಲಿ ಇಳಿದ ದಿನವೇ ಎಣ್ಣೆಯ ಬಣ್ಣ ನೋಡಬೇಕು. ಗೇರಿನ ಬಗೆಯ ಹಳೆಯ ಪೆಟ್ಟಿಗೆಗಳಿಗೆ ಸಾಮಾನ್ಯವಾಗಿ ಎಸ್‌ಎಇ 90 ಅಥವಾ 80ಡಬ್ಲ್ಯು-90 ಗೇರ್ ಆಯಿಲ್ ಬಳಕೆಯಲ್ಲಿದೆ. ಕ್ರಾಸುಗಳಿಗೆ ಮತ್ತು ಜಾರುವ ಸ್ಪ್ಲೈನಿಗೆ ಗ್ರೀಸ್ ಗನ್ನಿನಿಂದ ಹಳೆಯ ಗ್ರೀಸ್ ಹೊರಬರುವವರೆಗೂ ಹೊಸದು ತುಂಬಿದರೆ ಒಳಗೆ ಸೇರಿದ ನೀರೂ ಹೊರಬರುತ್ತದೆ. ನಾಲ್ಕು ಟೈರುಗಳನ್ನು ಆಗಾಗ ಮುಂದೆ ಹಿಂದೆ ಬದಲಿಸಿ ಸವೆತವನ್ನು ಸಮವಾಗಿಡಬೇಕು. ಮಳೆಗಾಲಕ್ಕೆ ಗಾಡಿ ನಿಲ್ಲಿಸುವಾಗ ಹಳೆಯ ಎಣ್ಣೆಯನ್ನು ಒಳಗೆ ಬಿಡದೆ ಹೊಸದು ತುಂಬಿ, ಆಗಾಗ ಎಂಜಿನ್ ಚಾಲೂ ಮಾಡಿ, ಅಂಗಳದ ಮಣ್ಣಿನ ಮೇಲೆ ಫೋರ್ ವೀಲ್, ಲೋ ಎರಡನ್ನೂ ಒಮ್ಮೆ ಹಾಕಿ ತೆಗೆಯುವ ರೂಢಿಯಿದ್ದರೆ, ಅಕ್ಟೋಬರಿನ ಮೊದಲ ಓಟಕ್ಕೆ ಲಿವರ್ ಸಿಕ್ಕಿಕೊಳ್ಳುವ ಸಂಭವ ತೀರ ಕಡಿಮೆ.